ಕಾರು ನಮ್ಮದು, ಗಾಳಿ ಯಾರದು?



ನಮ್ಮ ಪತ್ರಿಕೆಗೆ ಡಾಕ್ಟರೊಬ್ಬರು ಬರೆಯುತ್ತಾರೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳ ಬಗ್ಗೆ ಉಪದೇಶ ಗ್ಯಾರಂಟಿ ಎಂದು ನೀವು ಪುಟ ತಿರುಗಿಸುವ ಮೊದಲೇ ಹೇಳಿಬಿಡುತ್ತೇನೆ: ಈ ಸಲ ಬರೆಯುತ್ತಿರುವುದು ಕಾರಿನ ಬಗ್ಗೆ. ಶ್ವಾಸಕೋಶದ ವೈದ್ಯನಿಗೂ ಕಾರಿಗೂ ಏನು ಸಂಬಂಧ ಎಂದು ಕೇಳಬಹುದು. ಇಬ್ಬರದೂ ಗಾಳಿಯ ವ್ಯವಹಾರವೇ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಸ್ವಲ್ಪ ಉದ್ದ.

ಇಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮಕ್ಕಳಿಗೆ ಹದಿನಾರು ತುಂಬಿ ಲೈಸೆನ್ಸ್ ಕೈಗೆ ಬಂದರೆ ಮುಂದಿನ ಹೆಜ್ಜೆ ಒಂದು ಹಳೆಯ ಸಿವಿಕ್ಕೋ ಕೊರೊಲ್ಲಾವೋ. ಅದಾದ ಕೆಲವೇ ತಿಂಗಳಲ್ಲಿ ಮನೆಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬರುತ್ತದೆ. ಒಳಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಅದರ ತುದಿಗೆ ಶಂಕುವಿನ ಆಕಾರದ ಕೆಂಪು ಫಿಲ್ಟರ್. ಇದಕ್ಕೆ 'ಕೋಲ್ಡ್ ಏರ್ ಇನ್‌ಟೇಕ್' ಎಂದು ಹೆಸರು. ಕಂಪನಿಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಬಿಚ್ಚಿ ಇದನ್ನು ಕೂರಿಸಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಶಕ್ತಿ ಹೆಚ್ಚುತ್ತದೆ ಎಂಬುದು ನಂಬಿಕೆ. ಅಪ್ಪ "ಇದೆಲ್ಲ ಬೇಡ" ಎನ್ನುತ್ತಾರೆ. ಮಗ "ನನ್ನ ದುಡ್ಡು, ನನ್ನ ಕಾರು, ಯಾರಿಗೇನು?" ಎನ್ನುತ್ತಾನೆ. ನಮ್ಮಲ್ಲಿ ಕಡೆಯ ಪಕ್ಷ ಮೂರು ಮನೆಗಳಲ್ಲಿ ಈ ಮಾತುಕತೆ ನಡೆದಿರುವುದು ನನಗೆ ಗೊತ್ತು. ಹುಡುಗನ ಪ್ರಶ್ನೆಯನ್ನು ಅಪ್ಪ ಉದ್ಧಟತನ ಎಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನನ್ನದು ಎನ್ನುವ ವಸ್ತುವಿನ ಮೇಲೆ ನನ್ನ ಅಧಿಕಾರ ಎಲ್ಲಿಯವರೆಗೆ? ತಲೆ ಇರುವವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲು ಯಂತ್ರದ ವಿಷಯ. ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಅದಕ್ಕೆ ಗಾಳಿ ಬೇಕು. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಸುಡಲು ಸುಮಾರು 9,000 ಲೀಟರ್ ಗಾಳಿ ಹೋಗುತ್ತದೆ. ಮನುಷ್ಯ ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಅರ್ಧ ಲೀಟರ್, ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಉಸಿರು. ದಿನಕ್ಕೆ ಸುಮಾರು 10,000 ಲೀಟರ್. ಅಂದರೆ ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಒಂದು ದಿನದ ಗಾಳಿ ಎಂಜಿನ್ ಒಳಗೆ ಹೋಗಿ ಹೊಗೆಯಾಗಿ ಹೊರಬಂದಂತೆ. ಒಂದು ಗ್ಯಾಲನ್ ಎಂದರೆ ಮೂರು ದಿನಕ್ಕೂ ಹೆಚ್ಚು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ.

ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿ ಎಂಜಿನ್ನಿನ ಬಿಸಿಗೆ 60 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ಆದ್ದರಿಂದ ತಣ್ಣನೆಯ ಗಾಳಿ ಹೆಚ್ಚು ಒಳಗೆ ಹೋದರೆ ಶಕ್ತಿ ಹೆಚ್ಚುತ್ತದೆ ಎಂಬುದು ಸುಳ್ಳಲ್ಲ. ಆದರೆ ಈಗಿನ ಹೆಚ್ಚಿನ ಕಾರುಗಳು ಕಾರ್ಖಾನೆಯಿಂದ ಬರುವಾಗಲೇ ಮುಂದಿನ ಗ್ರಿಲ್ಲಿನ ಹತ್ತಿರದಿಂದಲೋ ಫೆಂಡರ್ ಸಂದಿನಿಂದಲೋ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಹಾಗಾಗಿ ಬರಿಯ ಕೊಳವೆ ಬದಲಾಯಿಸುವುದರಿಂದ ಸಿಗುವ ಲಾಭ ಸಾಧಾರಣವಾಗಿ ಕೆಲವೇ ಹಾರ್ಸ್‌ಪವರ್, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಫಿಲ್ಟರನ್ನು ಬಾನೆಟ್ ಕೆಳಗೆ ಬಿಸಿಯಲ್ಲಿ ತೆರೆದಿಟ್ಟರೆ ಇದ್ದ ಶಕ್ತಿಯೂ ಕಡಿಮೆಯಾಗಬಹುದು. ತೀರ ಕೆಳಗೆ ಬಂಪರ್ ಹಿಂದೆ ಕೂರಿಸಿದರೆ ಮಳೆಯಲ್ಲಿ ನಿಂತ ನೀರನ್ನು ಎಂಜಿನ್ ಕುಡಿದುಬಿಡಬಹುದು. ನೀರು ಗಾಳಿಯ ಹಾಗೆ ಅದುಮಿದರೆ ಅದುಮಿಸಿಕೊಳ್ಳುವುದಿಲ್ಲ, ಒಳಗಿನ ರಾಡ್ ಬಗ್ಗುತ್ತದೆ, ಎಂಜಿನ್ನೇ ಹೋಗುತ್ತದೆ.

ಖಂಡಿತವಾಗಿ ಹೆಚ್ಚುವುದು ಒಂದೇ: ಸದ್ದು. ಕಂಪನಿಯ ಪೆಟ್ಟಿಗೆಯಲ್ಲಿ ಸದ್ದನ್ನು ನುಂಗಲೆಂದೇ ಮಾಡಿದ ಕೋಣೆಗಳಿರುತ್ತವೆ. ಅವು ಹೋದ ಮೇಲೆ ಎಂಜಿನ್ ಗಾಳಿ ಎಳೆದುಕೊಳ್ಳುವುದು ಗೊರಕೆಯ ಹಾಗೆ ಕೇಳುತ್ತದೆ. ಕಿವಿಗೆ ಬಿದ್ದ ಸದ್ದನ್ನು ಮನಸ್ಸು ವೇಗ ಎಂದು ಓದುತ್ತದೆ. ಇದು ಈ ದೇಶದ ಹುಡುಗರಿಗೆ ಮಾತ್ರ ಅಂಟಿದ ರೋಗವಲ್ಲ. 1980ರ ದಶಕದ ಕೊನೆಯಲ್ಲಿ ನಾವು ಮೈಸೂರಿನಲ್ಲಿ ಓದುತ್ತಿದ್ದಾಗ ಅಲ್ಲಿಯೇ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳ ಸೈಲೆನ್ಸರಿನ ಒಳಕೊಳವೆ ತೆಗೆಸಿ ಹಾಸ್ಟೆಲ್ಲಿನ ಮುಂದೆ ಮೂರು ಸುತ್ತು ಹೊಡೆಯುವ ವೀರರು ನಮ್ಮಲ್ಲೂ ಇದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ವೀರರಲ್ಲಿ ಕೆಲವರು ಈಗ ಕಿವಿ ಕೇಳಿಸದೆ ಇ.ಎನ್.ಟಿ. ಡಾಕ್ಟರರ ಬಳಿ ಹೋಗುತ್ತಿದ್ದಾರೆ.

ಈಗ ವಿಚಾರಕ್ಕೆ ಬರೋಣ. ಈ ಇಡೀ ಉತ್ಸಾಹದ ಹಿಂದೆ ಒಂದು ನಂಬಿಕೆ ಇದೆ: ತಡೆ ಎಂದರೆ ದೋಷ, ಅದನ್ನು ತೆಗೆದರೆ ಒಳ್ಳೆಯದೇ ಆಗುತ್ತದೆ. ವೈದ್ಯನಾಗಿ ನನಗೆ ಇದರ ಮೇಲೆ ಅನುಮಾನ. ನಮ್ಮ ಮೂಗನ್ನೇ ತೆಗೆದುಕೊಳ್ಳಿ. ಮೂಗಿನಿಂದ ಉಸಿರಾಡುವಾಗ ಗಾಳಿದಾರಿಯ ಒಟ್ಟು ತಡೆಯಲ್ಲಿ ಸುಮಾರು ಅರ್ಧದಷ್ಟು ಮೂಗೊಂದರದೇ. ಒಳಗೆ ಟರ್ಬಿನೇಟ್ ಎಂಬ ಸುರುಳಿ ಮೂಳೆಗಳಿವೆ. ಅವು ದಾರಿಗೆ ಅಡ್ಡವಾಗಿ ನಿಂತೇ ಗಾಳಿಯನ್ನು ಬೆಚ್ಚಗೆ ಮಾಡುತ್ತವೆ, ತೇವ ಕೊಡುತ್ತವೆ, ಧೂಳು ಹಿಡಿಯುತ್ತವೆ. ಮೂಗು ಕಟ್ಟುತ್ತದೆಂದು ಅವುಗಳನ್ನು ಧಾರಾಳವಾಗಿ ಕತ್ತರಿಸಿದ ಕೆಲವು ರೋಗಿಗಳಲ್ಲಿ ಒಂದು ವಿಚಿತ್ರ ಕಂಡುಬಂತು. ದಾರಿ ಅಗಲವಾಗಿದೆ, ಗಾಳಿ ಧಾರಾಳವಾಗಿ ಹೋಗುತ್ತಿದೆ, ಆದರೂ ರೋಗಿ "ಡಾಕ್ಟ್ರೇ, ಉಸಿರು ಸಿಕ್ಕುತ್ತಿಲ್ಲ" ಎನ್ನುತ್ತಾನೆ. ಇದಕ್ಕೆ 'ಎಂಪ್ಟಿ ನೋಸ್ ಸಿಂಡ್ರೋಮ್' ಎಂಬ ಹೆಸರು 1990ರ ದಶಕದಲ್ಲಿ ಬಂತು. ಅಡ್ಡಿ ಎಂದುಕೊಂಡು ತೆಗೆದದ್ದು ನಿಜವಾಗಿ ಉಪಕಾರಿಯಾಗಿತ್ತು.

ಮೂಗಿಗೂ ಎಂಜಿನ್ನಿಗೂ ಪೂರ್ತಿ ಹೋಲಿಕೆ ಸಲ್ಲದು. ಮೂಗಿಗೆ ಬೆಚ್ಚನೆಯ ಗಾಳಿ ಬೇಕು, ಎಂಜಿನ್ನಿಗೆ ತಣ್ಣನೆಯದು. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಒಂದು ವಸ್ತು ಅಲ್ಲಿ ಏಕಿದೆ ಎಂದು ತಿಳಿಯದೆ ಅದನ್ನು ತೆಗೆಯಬಾರದು. ಆ ಕಪ್ಪು ಪೆಟ್ಟಿಗೆ ಬರಿಯ ಫಿಲ್ಟರಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಕೆಟ್ಟ ಆವಿ ಹೊರಗೆ ಹೋಗದೆ ಮತ್ತೆ ಒಳಗೇ ಸುಟ್ಟುಹೋಗಲೆಂದು ಜೋಡಿಸಿದ ಕೊಳವೆ ಈ ದಾರಿಗೇ ಬಂದು ಸೇರುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೆ ಹೊರಸೂಸುವ ಪೆಟ್ರೋಲ್ ಆವಿಯನ್ನು ಹಿಡಿದಿಡಲು ಪೆಟ್ಟಿಗೆಯೊಳಗೆ ಇದ್ದಿಲಿನ ಪದರವೊಂದಿರುತ್ತದೆ. ಒಳಗೆ ಎಷ್ಟು ಗಾಳಿ ಹೋಯಿತೆಂದು ಅಳೆಯುವ ಸೆನ್ಸರ್ ಕೂಡ ಇಲ್ಲಿಯೇ. ಕೊಳವೆಯ ಅಗಲ ಬದಲಾದರೆ ಅದರ ಲೆಕ್ಕ ತಪ್ಪಬಹುದು. ಬಾಲದ ಕಡೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರು ಬಗೆಯ ವಿಷವನ್ನು ಒಟ್ಟಿಗೆ ತೊಳೆಯಬೇಕಾದರೆ ಗಾಳಿ-ಪೆಟ್ರೋಲಿನ ಪ್ರಮಾಣ ಆ 14.7ರ ಆಸುಪಾಸಿನಲ್ಲೇ ಇರಬೇಕು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲುಗುತ್ತದೆ, ಕೂಡು ಕುಟುಂಬದ ಹಾಗೆ.

"ಆಗಲಿ ಅಂಕಲ್, ಆದರೆ ನನ್ನ ಒಂದು ಕಾರಿನಿಂದ ಲಾಸ್ ಏಂಜಲೀಸ್ ಗಾಳಿಗೆ ಏನಾಗುತ್ತದೆ?" ಎಂದು ಹುಡುಗ ಕೇಳುತ್ತಾನೆ. ಇದು ಅವನ ಅತ್ಯಂತ ಬಲವಾದ ವಾದ, ಏಕೆಂದರೆ ಅದು ನಿಜ. ಅವನ ಒಂದು ಕಾರಿನಿಂದ ಯಾರಿಗೂ ಅಳೆಯಬಹುದಾದಷ್ಟು ಕೆಡುಕಾಗುವುದಿಲ್ಲ.

ನಮ್ಮ ವೃತ್ತಿಯಲ್ಲೂ ಇದೇ ವಾದ ದಿನಾ ಎದುರಾಗುತ್ತದೆ. ನೆಗಡಿ ಬಂದವರು ಆಂಟಿಬಯಾಟಿಕ್ ಬೇಕೆಂದು ಹಟ ಹಿಡಿಯುತ್ತಾರೆ. ನೆಗಡಿ ವೈರಸ್ಸಿನಿಂದ ಬರುವುದು, ಆಂಟಿಬಯಾಟಿಕ್‌ಗೆ ಅಲ್ಲಿ ಕೆಲಸವಿಲ್ಲ. "ಒಂದು ಚೀಟಿ ಬರೆದುಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ ಡಾಕ್ಟ್ರೇ?" ಎನ್ನುತ್ತಾರೆ. ಒಂದು ಚೀಟಿಯಿಂದ ಏನೂ ಆಗುವುದಿಲ್ಲ. ಆದರೆ ಒಂದೊಂದು ಚೀಟಿಯೂ 'ಒಂದೇ' ಎಂದುಕೊಂಡು ಬರೆದದ್ದೇ. ಅವು ಸೇರಿಯೇ ಇವತ್ತು ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿವೆ.

ನಮ್ಮ ಹಳ್ಳಿಗಳ ಕೆರೆಯ ಪದ್ಧತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಎಂಬವನೊಬ್ಬ ಇರುತ್ತಿದ್ದ. ರಾತ್ರಿ ಹೊತ್ತು ಎದ್ದು ಹೋಗಿ ತನ್ನ ಗದ್ದೆಯ ಬದುವನ್ನು ಒಂದು ಗೇಣು ಹೆಚ್ಚಿಗೆ ಕಡಿದುಕೊಂಡವನು "ನನ್ನ ಗದ್ದೆ, ನನ್ನ ಬದು" ಎಂದರೆ ಊರು ಒಪ್ಪುತ್ತಿರಲಿಲ್ಲ. ಬದು ಅವನದೇ, ಅದರಲ್ಲಿ ಹರಿಯುವ ನೀರು ಅವನೊಬ್ಬನದಲ್ಲ. ಆ ಒಂದು ಗೇಣಿನಿಂದ ಕೆರೆ ಬತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತಾನು ಮಾಡಿದ್ದನ್ನೇ ಉಳಿದವರೂ ಮಾಡಲಿ ಎನ್ನಲು ಅವನು ಸಿದ್ಧನಿರಲಿಲ್ಲ. ತಪ್ಪು ಇದ್ದದ್ದು ಅಲ್ಲಿ. ಎಲ್ಲರೂ ನಿಯಮ ಪಾಲಿಸುತ್ತಾರೆ ಎಂಬ ಭರವಸೆಯ ಮೇಲೇ ಅವನ ಒಂದು ಗೇಣಿನ ಲಾಭ ನಿಂತಿತ್ತು.

ಗಾಳಿಗೆ ನೀರುಗಂಟಿ ಇರಲಿಲ್ಲ. ಅದರ ಫಲ ಈ ಊರಿಗೆ ಚೆನ್ನಾಗಿ ಗೊತ್ತು. 1943ರಲ್ಲಿ ಲಾಸ್ ಏಂಜಲೀಸ್ ಮೇಲೆ ಕಣ್ಣುರಿಸುವ ಮಬ್ಬು ಕವಿದಾಗ ಯುದ್ಧದ ಕಾಲವಾದ್ದರಿಂದ ಶತ್ರುಗಳು ವಿಷಾನಿಲ ಬಿಟ್ಟರೆಂದು ಜನ ಹೆದರಿದ್ದರಂತೆ. ಅದು ಎಲ್ಲಿಂದ ಬಂತೆಂದು ಕಂಡುಹಿಡಿದವರು ಕ್ಯಾಲ್‌ಟೆಕ್‌ನ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದ ಅವರು, ಕಾರು ಮತ್ತು ತೈಲ ಶುದ್ಧೀಕರಣ ಘಟಕಗಳಿಂದ ಬರುವ ಆವಿಗಳು ಬಿಸಿಲಿನಲ್ಲಿ ಬೆರೆತು ಓಜೋನ್ ಆಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಶತ್ರು ಹೊರಗಿನಿಂದ ಬಂದಿರಲಿಲ್ಲ. ಪ್ರತಿಯೊಬ್ಬರ ಗರಾಜಿನಲ್ಲೂ ಇದ್ದ.

ಇದರಿಂದ ಯಾರಿಗೆ ಏನಾಯಿತು ಎಂದು ಕೇಳುವವರಿಗೆ ಲೆಕ್ಕ ಇದೆ. ಯು.ಎಸ್.ಸಿ.ಯ ಸಂಶೋಧಕರು 1993ರಿಂದ ದಕ್ಷಿಣ ಕ್ಯಾಲಿಫೋರ್ನಿಯಾದ 12 ಊರುಗಳ ಶಾಲಾ ಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ವರ್ಷ ವರ್ಷವೂ ಅಳೆದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗಾಳಿಯಲ್ಲಿ ಸೂಕ್ಷ್ಮ ಧೂಳು ಅತಿ ಹೆಚ್ಚಿದ್ದ ಊರಿನಲ್ಲಿ ಹದಿನೆಂಟು ತುಂಬಿದವರಲ್ಲಿ ಶ್ವಾಸಕೋಶದ ಶಕ್ತಿ ತೀರ ಕಡಿಮೆಯಿದ್ದವರ ಪ್ರಮಾಣ, ಅತಿ ಕಡಿಮೆ ಧೂಳಿದ್ದ ಊರಿಗಿಂತ ಐದು ಪಟ್ಟಿನಷ್ಟಿತ್ತು. ಆ ವಯಸ್ಸಿಗೆ ಶ್ವಾಸಕೋಶದ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಗ ಕಳೆದುಕೊಂಡದ್ದನ್ನು ನಾನು ಯಾವ ಇನ್ಹೇಲರಿನಿಂದಲೂ ತುಂಬಿಕೊಡಲಾರೆ. ಸಂತೋಷದ ಸುದ್ದಿಯೂ ಇದೆ. ನಿಯಮಗಳು ಬಿಗಿಯಾಗಿ ಗಾಳಿ ತಿಳಿಯಾದಂತೆ, ಲಾಂಗ್ ಬೀಚ್, ರಿವರ್‌ಸೈಡ್ ಮುಂತಾದ ಐದು ಊರುಗಳಲ್ಲಿ ಹದಿನೈದರ ವಯಸ್ಸಿಗೆ ಅಂಥ ದುರ್ಬಲ ಶ್ವಾಸಕೋಶ ಇದ್ದವರ ಪ್ರಮಾಣ 1990ರ ದಶಕದ ಮಧ್ಯದ ತಂಡದಲ್ಲಿ ಶೇ. 7.9 ಇದ್ದದ್ದು 2007ರಿಂದ 2011ರವರೆಗಿನ ತಂಡದಲ್ಲಿ ಶೇ. 3.6ಕ್ಕೆ ಇಳಿಯಿತೆಂದು 2015ರಲ್ಲಿ ಅದೇ ಸಂಶೋಧಕರು ವರದಿ ಮಾಡಿದರು. ನಮ್ಮ ಮಕ್ಕಳು ಇಲ್ಲಿ ಉಸಿರಾಡುತ್ತಿರುವುದು ತಮ್ಮ ಕಾರಿನ ವಿಷಯದಲ್ಲಿ ಲಕ್ಷಾಂತರ ಅಪರಿಚಿತರು ತೋರಿದ ಸಂಯಮವನ್ನು. ಹಿಂದಿನವರು ತಿಳಿಮಾಡಿದ ಕೆರೆಯಲ್ಲಿ ನಾವು ನೀರು ಕುಡಿಯುತ್ತಿದ್ದೇವೆ.

ಹಾಗಾದರೆ ಇನ್‌ಟೇಕ್ ಬದಲಾಯಿಸುವುದೇ ಪಾಪವೆ? ಅಲ್ಲ. ಇಲ್ಲಿ ಹಿರಿಯರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಇಂಥ ಬಿಡಿಭಾಗಗಳನ್ನು ಪರಿಶೀಲಿಸುತ್ತದೆ. ಹೊಗೆಯ ಮಿತಿ ಮೀರುವುದಿಲ್ಲವೆಂದು ತಯಾರಕರು ತೋರಿಸಿಕೊಟ್ಟರೆ 'ಎಕ್ಸಿಕ್ಯೂಟಿವ್ ಆರ್ಡರ್' ಎಂಬ ನಂಬರ್ ಕೊಡುತ್ತದೆ. ಆ ನಂಬರಿನ ಚೀಟಿಯನ್ನು ಬಾನೆಟ್ ಕೆಳಗೆ ಅಂಟಿಸಿದ್ದರೆ ಸ್ಮಾಗ್ ಚೆಕ್ ಮಾಡುವವನು ಆಕ್ಷೇಪಿಸುವುದಿಲ್ಲ. ಅದೇ ನಮ್ಮ ನೀರುಗಂಟಿಯ ಒಪ್ಪಿಗೆ. ಯಾವ ವರ್ಷದ ಯಾವ ಮಾಡೆಲ್ಲಿಗೆ ಕೊಟ್ಟ ನಂಬರ್ ಎಂಬುದನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಬೇಕು. ನಂಬರಿಲ್ಲದ್ದು ಅಗ್ಗಕ್ಕೆ ಸಿಗುತ್ತದೆ. ಸ್ಮಾಗ್ ಚೆಕ್ ಬಂದಾಗ ಹಳೆಯ ಪೆಟ್ಟಿಗೆ ಜೋಡಿಸಿ, ಪಾಸಾದ ಮೇಲೆ ಮತ್ತೆ ಬದಲಾಯಿಸಿಕೊಳ್ಳುವ ಚಾಲಾಕಿಗಳೂ ಉಂಟು.

ಈ ಚಾಲಾಕಿತನದಲ್ಲೇ ನೀತಿಯ ಪ್ರಶ್ನೆ ಸ್ಪಷ್ಟವಾಗುತ್ತದೆ ಎಂದು ನನ್ನ ಅಭಿಪ್ರಾಯ. ಪರೀಕ್ಷೆಯ ದಿನ ಒಂದು ರೂಪ, ಉಳಿದ ದಿನ ಇನ್ನೊಂದು ರೂಪ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಸಿಕ್ಕಿಬಿದ್ದದ್ದೂ ಇದೇ. ಕಾರು ಪರೀಕ್ಷೆಯಲ್ಲಿದೆಯೋ ರಸ್ತೆಯಲ್ಲಿದೆಯೋ ಎಂದು ಅದರ ಸಾಫ್ಟ್‌ವೇರ್ ತಾನೇ ಗುರುತಿಸಿ ಪರೀಕ್ಷೆಯಲ್ಲಿ ಮಾತ್ರ ಶುದ್ಧವಾಗಿರುತ್ತಿತ್ತು. ಜಗತ್ತಿನಲ್ಲಿ ಅಂಥವು ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಆಗ ನಾವೆಲ್ಲ ಕಾಫಿ ಕುಡಿಯುತ್ತ ಕಂಪನಿಯನ್ನು ಬೈದೆವು. ಹುಡುಗ ಗರಾಜಿನಲ್ಲಿ ಮಾಡುವುದು ಗಾತ್ರದಲ್ಲಿ ಸಣ್ಣದು, ಜಾತಿಯಲ್ಲಿ ಅದೇ. "ಒಬ್ಬನೇ" ಎಂಬ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಇಲ್ಲಿನ ಇ.ಪಿ.ಎ. 2020ರಲ್ಲಿ ಕೊಟ್ಟ ಅಂದಾಜಿನಂತೆ, ಅದರ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ಶುದ್ಧಿಯ ಸಾಧನಗಳನ್ನು ಕಿತ್ತುಹಾಕಲಾಗಿತ್ತು. ಅದು ಇನ್‌ಟೇಕ್‌ಗಿಂತ ಎಷ್ಟೋ ಪಾಲು ದೊಡ್ಡ ಅಪರಾಧ, ಒಪ್ಪಿದೆ. ಆದರೆ ಅವರಲ್ಲಿ ಪ್ರತಿಯೊಬ್ಬನೂ ತಾನೊಬ್ಬನೇ ಎಂದುಕೊಂಡಿದ್ದಿರಬೇಕು.

ಇನ್ನು ಅಪ್ಪಂದಿರ ಸರದಿ. ಒಬ್ಬ ಹುಡುಗ ನನ್ನನ್ನು ನೇರವಾಗಿ ಕೇಳಿದ: "ಅಂಕಲ್, ಅಪ್ಪನ ಎಸ್‌ಯುವಿ ಗ್ಯಾಲನ್ನಿಗೆ ಹದಿನೇಳು ಮೈಲಿ ಹೋಗುತ್ತೆ, ನನ್ನದು ಮೂವತ್ತೆರಡು. ನನಗೆ ಯಾಕೆ ಬುದ್ಧಿ ಹೇಳ್ತೀರಿ?" ಪೆನ್ನು ತೆಗೆದು ಲೆಕ್ಕ ಹಾಕಿದೆ. ವರ್ಷಕ್ಕೆ ಇಬ್ಬರೂ 12,000 ಮೈಲಿ ಓಡಿಸಿದರೆ ಅಪ್ಪನದು 706 ಗ್ಯಾಲನ್, ಮಗನದು 375. ಕಣ್ಣುರಿಸುವ ಹೊಗೆ ಗ್ಯಾಲನ್ ಲೆಕ್ಕದ ಮೇಲೆ ಮಾತ್ರ ಹೋಗುವುದಿಲ್ಲ, ಶುದ್ಧಿಯ ಸಾಧನಗಳ ಮೇಲೆ ಹೋಗುತ್ತದೆ, ನಿಜ. ಆದರೆ ಇಂಗಾಲದ ಲೆಕ್ಕಕ್ಕೆ ಆ ವಿನಾಯಿತಿ ಇಲ್ಲ, ಅದು ಸುಟ್ಟ ಪೆಟ್ರೋಲಿನಷ್ಟೇ. ಶಾಲೆಯ ಮುಂದೆ ಮಕ್ಕಳನ್ನು ಕಾಯುತ್ತ ಎ.ಸಿ. ಹಾಕಿಕೊಂಡು ಇಪ್ಪತ್ತು ನಿಮಿಷ ಎಂಜಿನ್ ಓಡಿಸುವವರು ಯಾರು? ಹುಡುಗರಲ್ಲ. ನಮ್ಮ ಆಕ್ಷೇಪದಲ್ಲಿ ಗಾಳಿಯ ಮೇಲಿನ ಕಾಳಜಿ ಎಷ್ಟು, ನೆರೆಯವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಎಷ್ಟು, ಓದು ಬಿಟ್ಟು ಇದೇನು ಎಂಬ ಸಿಟ್ಟು ಎಷ್ಟು ಎಂದು ಬೇರೆ ಬೇರೆ ಮಾಡಿ ನೋಡಿಕೊಳ್ಳಬೇಕು. ಮಕ್ಕಳು ಬೆರಕೆಯನ್ನು ಬೇಗ ಗುರುತಿಸುತ್ತಾರೆ.

ಇನ್ನೊಂದು ಮಾತು. ಆಯುಧ ಪೂಜೆಯ ದಿನ ನಾವು ಕಾರಿಗೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ತೋರಿಸಬಲ್ಲೆವು? ಇಂಜಿನಿಯರಿಂಗ್ ಡಿಗ್ರಿ ಗೋಡೆಯ ಮೇಲೆ ಇರುತ್ತದೆ, ಸ್ಪ್ಯಾನರ್ ಮನೆಯಲ್ಲಿರುವುದಿಲ್ಲ. ಕೈ ಮಸಿ ಮಾಡಿಕೊಂಡು ಒಂದು ಯಂತ್ರದ ಒಳಗನ್ನು ಅರಿಯಲು ಹೊರಟ ಹುಡುಗನಲ್ಲಿ ಒಂದು ಒಳ್ಳೆಯ ಗುಣವಿದೆ. ಮೊದಲ ಸಲ ಅಂಗಚ್ಛೇದನದ ಮೇಜಿನ ಮುಂದೆ ನಿಂತ ವಿದ್ಯಾರ್ಥಿಯ ಕುತೂಹಲದ ಜಾತಿಯದು ಅದು. "ಮುಟ್ಟಬೇಡ" ಎಂದರೆ ಆ ಗುಣವೂ ಸಾಯುತ್ತದೆ. "ಮೊದಲು ತಿಳಿದುಕೋ, ಆಮೇಲೆ ಮುಟ್ಟು" ಎಂದರೆ ಬೆಳೆಯುತ್ತದೆ.

ಕೇಳಿದವರಿಗೆ ನಾನು ಮೂರು ಪ್ರಶ್ನೆಗಳನ್ನು ಕೊಡುತ್ತೇನೆ. ಮೊದಲನೆಯದು, ಲಾಭವನ್ನು ಅಳೆದಿದ್ದೀಯೋ, ಕೇಳಿ ಮಾತ್ರ ನಂಬಿದ್ದೀಯೋ? ಔಷಧಿಗಾದರೆ ನಾವು ಪುರಾವೆ ಕೇಳುತ್ತೇವೆ, ಬಿಡಿಭಾಗಕ್ಕೂ ಕೇಳಬೇಕು. ಎರಡನೆಯದು, ಕೆಟ್ಟರೆ ತೆರುವವರು ಯಾರು? ಎಂಜಿನ್ ಹೋದರೆ ತೆರುವವನು ನೀನು, ಅದು ನಿನ್ನ ಸ್ವಾತಂತ್ರ್ಯ. ಗಾಳಿ ಹೋದರೆ ತೆರುವುದು ಫ್ರೀವೇ ಪಕ್ಕದ ಬಾಡಿಗೆ ಮನೆಯ ಮಗು, ಊರಿನಿಂದ ಆರು ತಿಂಗಳಿಗೆಂದು ಬಂದು ಸಂಜೆ ವಾಕಿಂಗ್ ಹೋಗುವ ಉಬ್ಬಸದ ಅಜ್ಜ. ಅವರನ್ನು ನೀನು ಕೇಳಿಲ್ಲ. ಮೂರನೆಯದು, ಬಾನೆಟ್ ಎತ್ತಿ ಯಾರಿಗೆ ಬೇಕಾದರೂ ತೋರಿಸಬಲ್ಲೆಯಾ? ತೋರಿಸಬಲ್ಲೆಯಾದರೆ ಹಾಕಿಕೋ, ರಾತ್ರಿ ಹನ್ನೊಂದಕ್ಕೆ ನಮ್ಮ ಬೀದಿಯಲ್ಲಿ ಗೊರಕೆ ಹೊಡೆಸಬೇಡ. ಹಳೆಯ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೋ, ಏಕೆಂದರೆ ಹಿಂದಕ್ಕೆ ತಿರುಗಿಸಬಹುದಾದ ಚಿಕಿತ್ಸೆ ಯಾವಾಗಲೂ ಮೇಲು.

ಈ ಮೂರು ಪ್ರಶ್ನೆಗಳು ಹದಿನೇಳರ ಹುಡುಗರಿಗೆ ಮಾತ್ರ ಅಲ್ಲವೆಂದು ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನಾವು ಕೊಳ್ಳುವ ವಾಹನಕ್ಕೆ, ಬರಗಾಲದಲ್ಲೂ ಹುಲ್ಲಿಗೆ ಬಿಡುವ ನೀರಿಗೆ, ಕೊನೆಗೆ ನಾನು ಬರೆಯುವ ಔಷಧದ ಚೀಟಿಗೂ ಅವು ಸಲ್ಲುತ್ತವೆ. 'ನನ್ನದು' ಎನ್ನುವ ಪ್ರತಿಯೊಂದು ವಸ್ತುವಿಗೂ ಒಂದು ಬಾಯಿ ಇರುತ್ತದೆ, ಅದು ತೆರೆದಿರುವುದು 'ನಮ್ಮದು' ಎನ್ನುವುದರ ಕಡೆಗೆ. ಆ ಬಾಯಿಯನ್ನು ಎಷ್ಟು ಅಗಲ ಮಾಡಿಕೊಳ್ಳಬಹುದು ಎಂಬ ಬಗ್ಗೆ ನಿಮ್ಮ ಮನೆಯಲ್ಲಿ ಬೇರೆ ಅಭಿಪ್ರಾಯವಿದ್ದರೆ, ಅದರಲ್ಲೂ ಹುಡುಗ ಹುಡುಗಿಯರದಿದ್ದರೆ, ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಕನ್ನಡ ಬರೆಯಲು ಕಷ್ಟವಾದರೆ ಅವರು ಹೇಳಲಿ, ಅಪ್ಪ ಬರೆದುಕೊಳ್ಳಲಿ. ಆ ನೆಪದಲ್ಲಾದರೂ ಇಬ್ಬರೂ ಒಂದು ಗಂಟೆ ಎದುರೆದುರು ಕುಳಿತಂತಾಗುತ್ತದೆ.